ಅರ್ಧ ಮಾತ್ರೆ

ಪೋಲೆಂಡಿನ ಜಾಬ್ಝೆ ಎಂಬ ಗಣಿಯೂರಲ್ಲಿ
ಎರ್ವಿನ್‌ನ ಅಮ್ಮ ಎಲೆಕೋಸು ಹುಳಿಹಾಕುವ ನೆಲಮಾಳಿಗೆಯಲ್ಲಿ
ಪೀಪಾಯಿಗಳ ಸರಿಸಿ, ನಾಲ್ವರು ಕಟ್ಟಿದ ಬ್ಯಾಂಡು.
ಕಲ್ಲಿದ್ದಲ ಕಸ ಸುರಿದು ಸುರಿದು ಬೆಳೆದ
ಊರಾಚೆಯ ಕರಿಗುಡ್ಡದ ಹೆಸರನ್ನೇ ಇಟ್ಟರು: ಹೌದಾ.
ಅವರ ನುಡಿಯಲ್ಲಿ ಅದು ಬರೀ ಗುಡ್ಡ.
ನನ್ನ ಕಿವಿಗೆ ಮಾತ್ರ, ಏನು ಮಾಡಲಿ, ಪ್ರಶ್ನೆ.

ಎಂಬತ್ತೇಳನೆಯ ಇಸವಿ. ಅದಕ್ಕೂ ಒಂದು ವರ್ಷ ಮುಂಚೆ
ಗಣಿಯ ತೊಟ್ಟಿಗಾಡಿ ಹರಿದು
ಎರ್ವಿನ್‌ನ ಬಲಗಾಲಿನ ಎರಡು ಬೆರಳು ಹೋಗಿದ್ದವು.
ದೊಡ್ಡ ಡ್ರಮ್ಮಿನ ಪೆಡಲು ತುಳಿಯುವ ಕಾಲು.
ಪಲ್ಲವಿಯ ಹೊಸಿಲಲ್ಲಿ, ಮೂರನೆಯ ಪೆಟ್ಟು
ಪ್ರತಿ ಸಲ ಅರ್ಧ ಮಾತ್ರೆ ತಡ.
ಯಾರೂ ಏನೂ ಅನ್ನಲಿಲ್ಲ.
ಗಿಟಾರು ಕಾಯಿತು. ಬೇಸು ಕಾಯಿತು.
ಲೆಷೆಕ್ ತನ್ನ ಅರಚಾಟದ ನಡುವೆ
ಅಲ್ಲೊಂದು ಉಸಿರು ಎಳೆದುಕೊಳ್ಳುವುದ ಕಲಿತ.
ಕೇಳಿದವರು ಹೇಳಿದರು:
ಗಣಿಯ ಲಿಫ್ಟು ಒಂದು ಕ್ಷಣ ಅನುಮಾನಿಸಿ ನಿಂತು
ಆಮೇಲೆ ಪಾತಾಳಕ್ಕೆ ಬೀಳುತ್ತದಲ್ಲ, ಹಾಗೆ!

ಮೊದಲು ಹೋದವನು ಲೆಷೆಕ್,
ಡಾರ್ಟ್‌ಮುಂಡಿನಲ್ಲಿ ಭಾವನ ಟೈಲ್ಸ್ ಅಂಗಡಿಗೆ.
ಬದಲಿಗೆ ಬಂದ ವಿತೋಲ್ಡ್‌ಗೆ ಇನ್ನೂ ಒಳ್ಳೆಯ ಗಂಟಲು.
ಆದರೂ ಹಾಡು ಹಾಡಿನ ನಡುವೆ ಜನ ಕೂಗಿದರು,
ಲೆಷೆಕ್! ಲೆಷೆಕ್!
ಮೊದಲನೆಯವಳ ಸೀರೆಯುಟ್ಟ ಎರಡನೆ ಹೆಂಡತಿಯಂತೆ
ಮೈಕು ಹಿಡಿದು ನಿಂತಿದ್ದ.
ಲೆಷೆಕ್ ಮುಖವಿದ್ದ ನಾನೂರು ಅಂಗಿ ಉಳಿದಿದ್ದವು;
ಆಟ ಮುಗಿದ ಮೇಲೆ, ಮೇಜಿನ ಹಿಂದೆ ಕೂತು
ವಿತೋಲ್ಡನೇ ಅವನ್ನು ಅರ್ಧ ಬೆಲೆಗೆ ಮಾರಿದ.

ಆಮೇಲೆ ಗಿಟಾರಿನ ರೋಮೆಕ್.
ಹೆಸರು ಯಾರದು ಎಂದು ವಕೀಲರ ತನಕ ಹೋಗಿ
ಪಕ್ಕದೂರಲ್ಲಿ ‘ಅಸಲಿ ಹೌದಾ’ ಶುರುಮಾಡಿದ.
ಅದೇ ಹಾಡು, ಬಾಡಿಗೆ ಡ್ರಮ್ಮಿನವನು.
ಆರು ತಿಂಗಳು ನಡೆಯಿತು.
ಎಲ್ಲ ಸ್ವರ ಸರಿಯಿದ್ದವು, ಲಿಫ್ಟು ಮಾತ್ರ ಬೀಳಲಿಲ್ಲ.

ಎರ್ವಿನ್‌ಗೆ ಕೊನೆಗೆ ಕೈಕೊಟ್ಟದ್ದು ಕಾಲಲ್ಲ, ಮಣಿಕಟ್ಟು.
ಕಡ್ಡಿಗಳನ್ನು ಅಮ್ಮನ ಪೀಪಾಯಿಯ ಮೇಲಿಟ್ಟು
ಮೆಟ್ಟಿಲು ಹತ್ತಿ ಹೋದ, ದೀಪ ಆರಿಸುವುದನ್ನೂ ಮರೆತು.

ಕಲೀನಾಗೆ ಇಪ್ಪತ್ಮೂರು,
ಸಂಗೀತ ಶಾಲೆಯಲ್ಲಿ ಗಡಿಯಾರ ನುಂಗಿ ಬಂದವಳು.
ಮೊದಲ ದಿನ ಮೂರನೆಯ ಪೆಟ್ಟನ್ನು
ಅದು ಇರಬೇಕಾದಲ್ಲೇ ಹೊಡೆದಳು.
ಉಳಿದವರೆಲ್ಲ ಒಟ್ಟಿಗೆ ಮುಗ್ಗರಿಸಿದರು,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಹಾಗೆ.
‘ಯಾರದು ತಪ್ಪು?’ ಕೇಳಿದಳು.
‘ನಮ್ಮದು,’ ಎಂದ ಬೇಸಿನ ಬೊಗ್ದಾನ್. ‘ಇಪ್ಪತ್ತೆರಡು ವರ್ಷದಿಂದ.’

ಹಳೆಯ ಕ್ಯಾಸೆಟ್ಟು ಮನೆಗೆ ಒಯ್ದಳು.
ಎಣಿಸಿದಳು, ಬರೆದುಕೊಂಡಳು, ಬೇಕೆಂದೇ ತಡಮಾಡಿದಳು.
ಬರಲಿಲ್ಲ; ತಡಮಾಡಿದ್ದು ಬೇರೆ, ತಡವಾದದ್ದು ಬೇರೆ.
ಮೂರನೆಯ ವಾರ, ಬಲಗಾಲಿನ ಬೂಟಿನೊಳಗೆ
ಎರಡು ಬಿಯರ್ ಮುಚ್ಚಳ ಇಟ್ಟುಕೊಂಡು ತುಳಿದಳು.
ಬಂತು.
ಬೊಗ್ದಾನ್ ಗೋಡೆ ಕಡೆ ತಿರುಗಿ
ಸುಮ್ಮನೆ ತಂತಿ ಬಿಗಿಮಾಡುತ್ತ ನಿಂತ, ತುಂಬ ಹೊತ್ತು.

ಈಗ ಬೊಗ್ದಾನ್ ಇಲ್ಲ. ವಿತೋಲ್ಡ್ ಶಾಲೆಯ ಬಸ್ಸು ಓಡಿಸುತ್ತಾನೆ.
ಬೇಸಿಗೆ, ಗಿಟಾರಿಗೆ ಬಂದ ಹುಡುಗರು
ಗಣಿ ಮುಚ್ಚಿದ ಮೇಲೆ ಹುಟ್ಟಿದವರು.
ಅಲ್ಲಿ ಯಾಕೆ ಕಾಯಬೇಕೆಂದು ಅವರು ಕೇಳಿಲ್ಲ.
ಹಾಡು ಇರುವುದೇ ಹಾಗೆ ಅಂದುಕೊಂಡಿದ್ದಾರೆ.
ಕಲೀನಾಳ ಬೂಟಿನಲ್ಲೂ ಈಗ ಮುಚ್ಚಳವಿಲ್ಲ.

ಹೋದ ನವೆಂಬರಿನಲ್ಲಿ, ಕಾಟೊವಿತ್ಸೆಯ ಕ್ಲಬ್ಬೊಂದರ ಬಾಗಿಲಲ್ಲಿ
‘ಪಟ್ಟಿಯಲ್ಲಿ ಹೆಸರಿದೆಯಾ?’ ಎಂದಳು ಹುಡುಗಿ.
ಎರ್ವಿನ್ ಇಲ್ಲವೆಂದು ತಲೆಯಾಡಿಸಿ
ಟಿಕೆಟ್ಟು ಕೊಂಡು, ನಡುಗುವ ಕೈಗೆ ಮುದ್ರೆ ಒತ್ತಿಸಿಕೊಂಡು
ಹಿಂದೆ ಕಂಬಕ್ಕೆ ಒರಗಿದ.
ಪಲ್ಲವಿ ಬಂತು. ಇನ್ನೂರು ತಲೆಗಳು
ಗಾಳಿಯಲ್ಲಿ ಅರ್ಧ ಮಾತ್ರೆ ನಿಂತು
ಒಟ್ಟಿಗೆ ಕೆಳಗೆ ಬಿದ್ದವು.

ಎರ್ವಿನ್ ಮುಖ ಹಿಂಡಿದ.
ಪಕ್ಕದ ಹುಡುಗನ ಕಿವಿಗೆ ಬಾಗಿ ಕಿರುಚಿದ:
‘ಚೆನ್ನಾಗಿ ಬಾರಿಸುತ್ತಾಳೆ, ಆದರೆ ಅಲ್ಲಿ ಸ್ವಲ್ಪ ತಡವಾಯ್ತು.
ನಾನಿದ್ದಾಗ ಹಾಗಿರಲಿಲ್ಲ.’

ಏನೂ ಕೇಳಿಸದ ಹುಡುಗ
ಮುಷ್ಟಿ ಎತ್ತಿ, ಬೆವರು ಸಿಡಿಸಿ ನಕ್ಕು,
ಬ್ಯಾಂಡಿನ ಹೆಸರು ಕೂಗಿದ.